ಕ್ಷಮಿಸಿದ್ದು ಒಂದು, ನಂಬಿದ್ದು ಇನ್ನೊಂದು

ನಮ್ಮ ಕ್ರೈಸ್ತ ಸಭೆಗಳಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದುತ್ತಾರೆ. ಎಲ್ಲರೂ ಬ್ಯಾನ್ಸ್ ಅಂತಲೇ ಕರೆಯುವುದು. ಇಂಥವರ ಮಗ, ಇಂಥವರ ಮಗಳು, ಇವರ ಮದುವೆಗೆ ಏನಾದರೂ ಅಡ್ಡಿ ಇದೆಯೆಂದು ಬಲ್ಲವರು ತಿಳಿಸಬೇಕು ಅಂತ ಅಯ್ಯನವರು, ಅಂದರೆ ಸಭೆಯ ಪಾದ್ರಿ, ಗಂಭೀರವಾಗಿ ಓದುತ್ತಾರೆ. ಯಾರೂ ಏನೂ ತಿಳಿಸುವುದಿಲ್ಲ. ಒಂದು ಸಲ ತಿರುಗಿ ಹುಡುಗಿಯ ಸೀರೆ ನೋಡುತ್ತಾರೆ, ಅಷ್ಟೇ. ನನ್ನ ಪ್ರಕಟಣೆ ಎರಡು ಭಾನುವಾರ ಆಯಿತು. ಮೂರನೆಯದು ಆಗಲಿಲ್ಲ. ಅಡ್ಡಿ ಇದೆಯೆಂದು ಬಲ್ಲವನು ಮದುಮಗನೇ ಆಗಿದ್ದ.

ಗುರುವಾರ ರಾತ್ರಿ ಅವನ ಅಕ್ಕ ನಮ್ಮಪ್ಪನಿಗೆ ಫೋನ್ ಮಾಡಿದರು. ಬೆಂಗಳೂರಿನಲ್ಲಿ ಅವನಿಗೆ ಬೇರೊಬ್ಬಳು ಇದ್ದಳಂತೆ. ನಿಶ್ಚಿತಾರ್ಥದ ದಿನವೂ ಇದ್ದಳಂತೆ. ಈಗ ಅವನಿಗೆ ಧೈರ್ಯ ಬಂದಿದೆಯಂತೆ. ನನಗೆ ಅವನಿಂದ ಬಂದದ್ದು ಒಂದು ವಾಟ್ಸಾಪ್ ಮೆಸೇಜ್. ಸಾರಿ, ನನಗಾಗಿ ಪ್ರಾರ್ಥನೆ ಮಾಡು ಅಂತ. ಪ್ರಾರ್ಥನೆ ಬೇರೆ ನಾನೇ ಮಾಡಬೇಕು!

ಕಾರ್ಡ್ ಅಷ್ಟರಲ್ಲಿ ಅಚ್ಚಾಗಿ ಬಂದಿತ್ತು. ಮೇಲುಗಡೆ ಚಿನ್ನದ ಬಣ್ಣದಲ್ಲಿ ಬೈಬಲಿನ ಮತ್ತಾಯ 19ರ ವಚನ, ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು. ಅಪ್ಪ ಸುಟ್ಟುಬಿಡೋಣ ಅಂದರು. ಅಮ್ಮ ಒಪ್ಪಲಿಲ್ಲ. ಒಳ್ಳೆ ದಪ್ಪ ಪೇಪರ್, ಹಿಂದುಗಡೆ ಪೂರಾ ಖಾಲಿ ಇದೆ, ಯಾಕೆ ಹಾಳು ಮಾಡಬೇಕು ಅಂದರು. ಆಮೇಲೆ ಎಷ್ಟೋ ತಿಂಗಳು ನಮ್ಮ ಮನೆಯ ದಿನಸಿ ಚೀಟಿ ಅದರ ಮೇಲೆಯೇ. ಒಂದು ಕಡೆ ದೇವರು ಕೂಡಿಸಿದ್ದು, ಇನ್ನೊಂದು ಕಡೆ ಉದ್ದಿನಬೇಳೆ 1 ಕೆಜಿ, ಸೋಪು 4, ಕಡ್ಡಿಪೆಟ್ಟಿಗೆ. ಮೊದಮೊದಲು ಆ ಚೀಟಿ ನೋಡಿದರೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತಿತ್ತು. ಆಮೇಲಾಮೇಲೆ ನಾನೇ ಅದರಲ್ಲಿ ಹಾಲಿನ ಲೆಕ್ಕ ಬರೆಯತೊಡಗಿದೆ. ನಮ್ಮಮ್ಮ ಯಾವ ಕೌನ್ಸೆಲಿಂಗ್ ಕೋರ್ಸೂ ಮಾಡಿದವರಲ್ಲ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ನಮ್ಮ ಯೂತ್ ಫೆಲೋಶಿಪ್‌ನ ಒಬ್ಬ ಹುಡುಗಿ. ಅವಳಿಗೂ ಈಚೆಗೆ ಹೀಗೇ ಒಂದು ಏಟು ಬಿದ್ದಿದೆ. "ಅಕ್ಕಾ, ನೀವು ಮತ್ತೆ ಹೇಗೆ ಒಬ್ಬರನ್ನ ನಂಬಿದ್ರಿ?" ಅಂತ ಕೇಳಿದಳು. ಚರ್ಚ್ ಗೇಟಿನ ಹತ್ತಿರ ನಿಂತು ಹೇಳುವ ಉತ್ತರ ಅದಲ್ಲ. ಏನೋ ಅರ್ಧಂಬರ್ಧ ಹೇಳಿ ಬಂದೆ. ಪೂರ್ತಿ ಇಲ್ಲಿದೆ.

ಮೊದಲು ಜನ ಹೇಳಿದ್ದು. ದೇವರ ಚಿತ್ತ ಅಂದರು. ದೇವರು ನಿನ್ನನ್ನ ಕಾಪಾಡಿದ, ಮದುವೆ ಆದಮೇಲೆ ಗೊತ್ತಾಗಿದ್ರೆ ಏನ್ ಗತಿ ಅಂದರು. ಅದು ನಿಜವೇ. ಆದರೆ ಬಿದ್ದು ಕೈ ಮುರಿದವಳ ಹತ್ತಿರ ಕಾಲು ಮುರೀಲಿಲ್ವಲ್ಲ ಅಂದರೆ ಅವಳು ಏನು ಹೇಳಬೇಕು? ಇನ್ನು ಕ್ಷಮೆ. ವಾರ ತುಂಬುವುದರೊಳಗೆ ಒಬ್ಬ ಹಿರಿಯರು ಮನೆಗೆ ಬಂದು ಪ್ರಾರ್ಥನೆ ಮಾಡಿ, ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಕರ್ತನೇ ಹೇಳಿದ್ದಾನೆ, ಅವನನ್ನ ಕ್ಷಮಿಸಿಬಿಡು ಮಗಳೇ ಅಂದರು. ಅಮ್ಮ ಕೊಟ್ಟ ಕಾಫಿ ಕುಡಿದರು. ಹೊರಟರು. ಹತ್ತು ನಿಮಿಷದಲ್ಲಿ ನನ್ನ ಕೆಲಸ ಮುಗಿಯಬೇಕಿತ್ತು.

ಅವರು ಹೋದ ಮೇಲೆ ಮತ್ತಾಯ 18 ತೆಗೆದು ಮೊದಲಿನಿಂದ ಓದಿದೆ. ಏಳೆಪ್ಪತ್ತು ಸಾರಿ ಇರುವುದು 22ನೇ ವಚನದಲ್ಲಿ. ಅದಕ್ಕೆ ಮುಂಚೆ 15ನೇ ವಚನ ಇದೆ. ನಿನ್ನ ಸಹೋದರ ತಪ್ಪು ಮಾಡಿದರೆ ಹೋಗಿ ಅವನಿಗೆ ತಪ್ಪನ್ನು ತಿಳಿಸು. ಕೇಳದಿದ್ದರೆ ಇನ್ನೂ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯ ಮಾತನ್ನೂ ಕೇಳದಿದ್ದರೆ ಅವನು ನಿನಗೆ ಹೊರಗಿನವನ ಹಾಗೆ ಇರಲಿ. ಇಷ್ಟೆಲ್ಲ ಒಂದೇ ಅಧ್ಯಾಯದಲ್ಲಿದೆ. 22 ನನ್ನ ಪಾಲಿಗೆ ಬಂತು. 15 ಯಾರ ಪಾಲಿಗೆ? ಅವನ ಹತ್ತಿರ ಹೋಗಿ ತಪ್ಪನ್ನು ತಿಳಿಸಿದವರು ನಮ್ಮ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಕ್ಷಮೆಯ ವಚನ ಹಂಚುವಷ್ಟು ಧಾರಾಳವಾಗಿ ಗಂಡುಮಕ್ಕಳಿಗೆ ಬುದ್ಧಿಯ ವಚನ ಹಂಚುವುದಿಲ್ಲ ನಾವು. ಈ ಮಾತು ಕೆಲವರಿಗೆ ಹಿಡಿಸುವುದಿಲ್ಲ, ಗೊತ್ತು.

ನನಗೆ ನಿಜವಾಗಿ ಆಸರೆ ಆದದ್ದು ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ. ಹಿಂದೆ ಬೈಬಲ್ ವುಮನ್ ಆಗಿದ್ದವರು. ಈಗಿನವರಿಗೆ ಈ ಪದ ಗೊತ್ತಿಲ್ಲ. ಮಿಷನ್ ಕಾಲದಿಂದ ಬಂದ ಕೆಲಸ ಅದು. ಚೀಲದಲ್ಲಿ ಬೈಬಲ್ ಇಟ್ಟುಕೊಂಡು ಹಳ್ಳಿಹಳ್ಳಿ ನಡೆದು ಹೆಂಗಸರಿಗೆ ಅಕ್ಷರ ಕಲಿಸಿ, ವಾಕ್ಯ ಓದಿ, ಕಷ್ಟಸುಖ ಕೇಳುತ್ತಿದ್ದ ಹೆಂಗಸರು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಭಾನುವಾರ ಮಧ್ಯಾಹ್ನ ಬಂದು ಬೈಬಲಿನ ಕೀರ್ತನೆ ಓದಿ ಹೇಳು ಅಂತ ಕರೆದರು. ನನ್ನ ಮೇಲೆ ಕನಿಕರದಿಂದ ಅಲ್ಲ. ಮುಂಚೆ ಓದುತ್ತಿದ್ದ ಹುಡುಗಿ ಮದುವೆಯಾಗಿ ಹೋಗಿದ್ದಳು.

ಅಜ್ಜಿ ಮಹಾ ಸಿಡುಕಿ. ಬೇಗ ಓದಿದರೆ ರೈಲು ತಪ್ಪಿಹೋಗ್ತಾ ಇದೆಯಾ ಅನ್ನುತ್ತಿದ್ದರು. ಮೆಲ್ಲಗೆ ಓದಿದರೆ ನಿದ್ದೆ ಬರುತ್ತೆ ಅನ್ನುತ್ತಿದ್ದರು. ಕುಟುಂಬ ಪ್ರಾರ್ಥನೆಗಳಲ್ಲಿ ನಾವು ಓದುವುದು ಸಾಮಾನ್ಯವಾಗಿ 23, 91, 121. ಅಜ್ಜಿ ವರಸೆಯಾಗಿ ಓದಿಸಿದರು. ಹಾಗಾಗಿ ಒಂದು ದಿನ 55 ಬಂತು. ನನ್ನನ್ನು ದೂಷಿಸಿದವನು ವೈರಿಯಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನನ್ನ ಜೊತೆ ದೇವಾಲಯಕ್ಕೆ ಬರುತ್ತಿದ್ದ ಆಪ್ತ ನೀನೇ ಅಲ್ಲವೇ ಅನ್ನುವ, ದಾವೀದ ರಾಜನ ಕೀರ್ತನೆ. ಅವನ ಮಾತು ಬೆಣ್ಣೆ, ಮನಸ್ಸು ಯುದ್ಧ ಅಂತಲೂ ಇದೆ. ಅವರು ಜೀವಂತವಾಗಿ ಪಾತಾಳಕ್ಕೆ ಇಳಿಯಲಿ ಅಂತ ನೇರ ಶಾಪವೂ ಇದೆ. ಓದುತ್ತಾ ನನ್ನ ಗಂಟಲು ಕಟ್ಟಿತು. ನಿಲ್ಲಿಸಿದೆ.

ಅಜ್ಜಿ ಸುಮ್ಮನೆ ಕಾದರು. ಆಮೇಲೆ, "ದಾವೀದನೇ ಇಷ್ಟು ಬೈದಿದ್ದಾನೆ, ನೀನ್ಯಾಕೆ ಸುಮ್ನಿದ್ದೀಯಾ?" ಅಂದರು.

ಆವತ್ತು ನಾನು ಬೈದೆ. ಅಜ್ಜಿಯ ಎದುರಿಗೆ, ದೇವರ ಎದುರಿಗೆ, ಮೈಸೂರಿನಲ್ಲಿ ಬೈಯುವುದಕ್ಕೆ ಏನೇನು ಪದಗಳಿವೆಯೋ ಎಲ್ಲದರಲ್ಲೂ ಬೈದೆ. ಅಜ್ಜಿ ಆಮೆನ್ ಅಂದರು. ಆಮೇಲೆ ರಾಗಿ ಬಿಸ್ಕತ್ ಡಬ್ಬಿ ಎಲ್ಲಿದೆ ನೋಡು ಅಂದರು. 88ನೇ ಕೀರ್ತನೆಗೆ ಬಂದಾಗ ಇನ್ನೊಂದು ಕಂಡಿತು. ಉಳಿದ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಒಂದು ಸ್ತೋತ್ರಕ್ಕೋ ಭರವಸೆಗೋ ತಿರುಗಿಕೊಳ್ಳುತ್ತವೆ. ಇದು ತಿರುಗುವುದೇ ಇಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಯಾರೋ ಪುಣ್ಯಾತ್ಮರು ಬೈಬಲಿನಲ್ಲಿ ಉಳಿಸಿದ್ದಾರೆ. ನಗುಮುಖ ಹೊತ್ತು ಬಂದರೆ ಮಾತ್ರ ಒಳಗೆ ಬಿಡುವ ದೇವರು ಇವನಲ್ಲ ಅಂತ ನನಗೆ ಧೈರ್ಯ ಬಂದದ್ದು ಆಗ.

ಅಜ್ಜಿಯ ಮೇಲೆ ನನಗೆ ಪ್ರೀತಿ ಯಾವಾಗ ಬಂತೋ ಗೊತ್ತಿಲ್ಲ. ಶನಿವಾರ ಬೇಕರಿಗೆ ಹೋದರೆ ಕೈ ತಾನಾಗಿ ರಾಗಿ ಬಿಸ್ಕತ್ತಿಗೆ ಹೋಗುತ್ತಿತ್ತು. ಇನ್ನು ಯಾರಿಗೂ ಮನಸ್ಸು ಕೊಡುವುದಿಲ್ಲ ಅಂತ ನಾನು ಶಪಥ ಮಾಡಿದ್ದು ಗಂಡಸರ ವಿಷಯದಲ್ಲಿ. ಸಿಡುಕಿ ಮುದುಕಿಯರ ಬಗ್ಗೆ ಶಪಥದಲ್ಲಿ ಏನೂ ಇರಲಿಲ್ಲ.

ಅಪ್ಪನ ಕಪಾಟಿನಲ್ಲಿ ಮೆಥಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯ ಒಂದು ಹಳೆ ಜೀವನಚರಿತ್ರೆ ಇತ್ತು. ನಮ್ಮದು ವೆಸ್ಲಿಯನ್ ಮಿಷನ್ ಕಾಲದಿಂದ ಬಂದ ಮನೆತನ. 1947ರಲ್ಲಿ ಸಿಎಸ್‌ಐ (ಹಲವು ಸಭೆಗಳು ಸೇರಿದ ಚರ್ಚ್ ಆಫ್ ಸೌತ್ ಇಂಡಿಯಾ) ಆದಮೇಲೂ ಮನೆಗಳಲ್ಲಿ ಆ ನೆನಪು ಹೋಗಿಲ್ಲ. ಸಂಡೆಸ್ಕೂಲಿನಲ್ಲಿ ನಮಗೆ ವೆಸ್ಲಿಯ ಬಗ್ಗೆ ಹೇಳಿಕೊಟ್ಟದ್ದು ಎರಡೇ ಕತೆ. ಒಂದು, 1709ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಪುಟ್ಟ ಹುಡುಗನನ್ನು ಕಿಟಕಿಯಿಂದ ಎಳೆದು ಉಳಿಸಿದ್ದು. ಇನ್ನೊಂದು, 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ದೇವರು ತನ್ನನ್ನು ಕ್ಷಮಿಸಿದ್ದಾನೆ ಅನ್ನುವ ಭರವಸೆ ಬಂದು ಅವನ ಹೃದಯ ಬೆಚ್ಚಗಾದದ್ದು. ಈ ಎರಡರ ನಡುವೆ ಒಬ್ಬ ಹುಡುಗಿ ಇದ್ದಳು ಅಂತ ಯಾರೂ ಹೇಳಿರಲಿಲ್ಲ.

ಅವಳ ಹೆಸರು ಸೋಫಿಯಾ ಹಾಪ್ಕಿ. ಅಮೆರಿಕದ ಜಾರ್ಜಿಯಾದಲ್ಲಿ ವೆಸ್ಲಿ ಪಾದ್ರಿಯಾಗಿದ್ದಾಗ ಅವಳನ್ನು ಪ್ರೀತಿಸಿದ. ಮದುವೆಯಾಗಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ಒದ್ದಾಡಿದ. ಕೊನೆಗೆ ಚೀಟಿ ಎತ್ತಿಸಿದ! ಮದುವೆಯಾಗು, ಈ ವರ್ಷ ಬೇಡ, ಇನ್ನು ಆ ಯೋಚನೆಯೇ ಬೇಡ ಅಂತ ಮೂರು ಚೀಟಿ. ಬಂದದ್ದು ಮೂರನೆಯದು. ಅವಳು 1737ರ ಮಾರ್ಚಿನಲ್ಲಿ ಬೇರೊಬ್ಬನನ್ನು ಮದುವೆಯಾದಳು. ಆಗಸ್ಟಿನಲ್ಲಿ ಅವಳು ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಬಂದಾಗ ವೆಸ್ಲಿ ಕೊಡುವುದಿಲ್ಲ ಅಂದುಬಿಟ್ಟ. ಗಂಡ ಕೋರ್ಟಿಗೆ ಹೋದ. ಡಿಸೆಂಬರಿನಲ್ಲಿ ವೆಸ್ಲಿ ಊರು ಬಿಟ್ಟು ಇಂಗ್ಲೆಂಡಿನ ಹಡಗು ಹತ್ತಿದ. ಹೃದಯ ಬೆಚ್ಚಗಾದದ್ದು ಇದಾಗಿ ಐದಾರು ತಿಂಗಳಿಗೆ.

ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಅವಳಿಗೆ ರೊಟ್ಟಿ ದ್ರಾಕ್ಷಾರಸ ಕೊಡದೆ ಕಳಿಸಲು ಅವನು ಸಭೆಯ ನಿಯಮದ ಕಾರಣವನ್ನೇ ಕೊಟ್ಟ. ನನಗಂತೂ ಅದರ ಕೆಳಗೆ ಉರಿ ಕಾಣಿಸಿತು. ಇನ್ನೂ ಮುಂದಿದೆ. ಹೃದಯ ಬೆಚ್ಚಗಾಗಿ ಹತ್ತು ವರ್ಷ ದಾಟಿದ ಮೇಲೆ ಗ್ರೇಸ್ ಮರ್ರೆ ಅನ್ನುವ ವಿಧವೆಯನ್ನು ಪ್ರೀತಿಸಿದ. 1749ರಲ್ಲಿ ಸ್ವಂತ ತಮ್ಮ ಚಾರ್ಲ್ಸನೇ ಮುಂದೆ ನಿಂತು ಅವಳನ್ನು ಬೇರೊಬ್ಬ ಬೋಧಕನಿಗೆ ಮದುವೆ ಮಾಡಿಸಿಬಿಟ್ಟ. 1751ರಲ್ಲಿ ವೆಸ್ಲಿಗೆ ಮದುವೆಯೇನೋ ಆಯಿತು. ಸುಖ ಸಿಗಲಿಲ್ಲ. ಹೆಂಡತಿ ಬಿಟ್ಟು ಹೋದಳು. ಅಷ್ಟು ದೊಡ್ಡ ದೈವಭಕ್ತ, ಲಕ್ಷಾಂತರ ಜನರಿಗೆ ದೇವರ ಪ್ರೀತಿ ಸಾರಿದವನು. ಆದರೂ ಒಂದು ಜೀವವನ್ನು ಪ್ರೀತಿಸಿ ಬಾಳುವುದು ಅವನಿಗೆ ಕೂಡಿಬರಲಿಲ್ಲ. ನನಗೆ ಇದರಿಂದ ಯಾಕೋ ಹಗುರ ಅನಿಸಿತು. ನಿನ್ನ ವಿಶ್ವಾಸ ಗಟ್ಟಿಯಿದ್ದರೆ ಗಾಯ ತಾನಾಗಿ ವಾಸಿಯಾಗುತ್ತೆ ಅನ್ನುತ್ತಿದ್ದರಲ್ಲ ಕೆಲವರು, ಅವರು ಈ ಪುಸ್ತಕ ಓದಿಲ್ಲ ಅಂದುಕೊಂಡೆ. ವಿಶ್ವಾಸ ಇರುವವರೂ ಮನುಷ್ಯರನ್ನು ಪ್ರೀತಿಸುವುದನ್ನು ಬೇರೆಯಾಗಿಯೇ ಕಲಿಯಬೇಕು. ಅದಕ್ಕೆ ಟೈಮು ಬೇಕು.

ಆ ವರ್ಷದ ಶುಭ ಶುಕ್ರವಾರ. ಮಧ್ಯಾಹ್ನ 12ರಿಂದ 3ರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ. ಫ್ಯಾನ್ ಗಾಳಿಯೂ ಬಿಸಿ. ಮೊದಲನೆಯ ಮಾತು, ತಂದೆಯೇ, ಅವರಿಗೆ ಕ್ಷಮಿಸು. ಚಿಕ್ಕಂದಿನಿಂದ ಕೇಳಿದ್ದೇ. ಆವತ್ತು ಒಂದು ಹೊಸದಾಗಿ ಕಂಡಿತು. ಮೊಳೆ ಹೊಡೆಸಿಕೊಂಡವನು ಆ ಹೊತ್ತಿನಲ್ಲಿ ಕ್ಷಮೆಯನ್ನು ತಂದೆಯ ಹತ್ತಿರ ಬೇಡುತ್ತಿದ್ದಾನೆ. ಅಷ್ಟು ನನ್ನಿಂದಲೂ ಆದೀತು ಅನಿಸಿತು. ನನ್ನ ಹತ್ತಿರ ಕ್ಷಮೆ ಇರಲಿಲ್ಲ, ಬಡಿದು ನೋಡಿದರೂ ಒಂದು ಚೂರು ಉದುರುತ್ತಿರಲಿಲ್ಲ. ನೀನೇ ಕ್ಷಮಿಸಪ್ಪ, ನನಗೆ ಆದಾಗ ನಾನು ಬಂದು ಸಹಿ ಹಾಕುತ್ತೇನೆ ಅಂತ ಪ್ರಾರ್ಥಿಸಿದೆ. ತುಂಬಾ ದಿನ ಅದಷ್ಟೇ ನನ್ನ ಪ್ರಾರ್ಥನೆ.

ಸಹಿ ಹಾಕುವ ಸಂದರ್ಭ ಬಂದದ್ದು ವಿಚಿತ್ರವಾಗಿ.

ಮದುವೆ ಮುರಿದವನ ಸೋದರತ್ತೆ ನಮ್ಮ ಸಭೆಯವರೇ. (ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಏನಾದ್ರೂ ಬರ್ಕೋ, ನನ್ನ ವಯಸ್ಸು ಮಾತ್ರ ಬರೀಬೇಡ ಅಂದಿದ್ದಾರೆ.) ಸಂಬಂಧ ಮುರಿದ ಮೇಲೆ ಅವರೂ ನಾವೂ ಮಾತು ಬಿಟ್ಟಿದ್ದೆವು. ಸಿಎಸ್‌ಐ ಆರಾಧನೆ ಗೊತ್ತಿರುವವರಿಗೆ ಇದರ ಕಷ್ಟ ಗೊತ್ತಾಗುತ್ತದೆ. ಕರ್ತನ ಭೋಜನದ ದಿನ ಕಾಣಿಕೆಗೆ ಮುಂಚೆ ಸಮಾಧಾನ ಕೊಡುವುದು ಅಂತ ಇದೆ. ಅಯ್ಯನವರು ಪೀಠದಿಂದ ಶುರು ಮಾಡುತ್ತಾರೆ. ಒಬ್ಬರು ಇನ್ನೊಬ್ಬರ ಬಲಗೈಯನ್ನು ತಮ್ಮ ಎರಡು ಅಂಗೈಗಳ ನಡುವೆ ತೆಗೆದುಕೊಳ್ಳುತ್ತಾರೆ. ಹಾಗೆ ಕೈಯಿಂದ ಕೈಗೆ, ಸಾಲಿನಿಂದ ಸಾಲಿಗೆ ಅದು ಹಿಂದಿನ ಬೆಂಚಿನವರೆಗೆ ಬರುತ್ತದೆ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅಂತ ಮತ್ತಾಯ 5ರಲ್ಲಿ ಇದೆಯಲ್ಲ, ಅದಕ್ಕೇ ಕಾಣಿಕೆಗೆ ಮುಂಚೆ. ನಾನು ಆರಾಧನೆಗೆ ಹೋದ ತಕ್ಷಣ ಮಾಡುತ್ತಿದ್ದ ಕೆಲಸ ಅಂದರೆ ಅವರು ಎಲ್ಲಿ ಕೂತಿದ್ದಾರೆ ನೋಡಿ, ಅವರ ಸಾಲಿನಿಂದ ದೂರ ಕೂರುವುದು.

ಒಂದು ಭಾನುವಾರ ಅವರು ತಡವಾಗಿ ಬಂದರು. ಬೇರೆಲ್ಲೂ ಜಾಗ ಇರಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಪಕ್ಕದಲ್ಲೇ ಕೂತರು. ನನಗೆ ಅಯ್ಯನವರ ಪ್ರಸಂಗ ಒಂದಕ್ಷರ ಕಿವಿಗೆ ಬೀಳಲಿಲ್ಲ. ಸಮಾಧಾನ ಮುಂದಿನ ಸಾಲಿಗೆ ಬಂತು, ನಮ್ಮ ಸಾಲಿನ ಆ ತುದಿಗೆ ಬಂತು, ಅವರ ಕೈಗೆ ಬಂತು. ಅವರು ನನ್ನ ಕಡೆ ತಿರುಗಿದರು. ಕೈ ಚಾಚಿದರು.

ನಾನು ಕೊಟ್ಟೆ. ಅವರ ಅಂಗೈ ಒರಟಾಗಿತ್ತು. ಉಗುರಿನ ಸಂದಿಯಲ್ಲಿ ಅರಿಶಿನ ಇತ್ತು. ಬೆಳ್ಳುಳ್ಳಿ ವಾಸನೆ ಬಂತು. ಬೆಳಗ್ಗೆಯೇ ಭಾನುವಾರದ ಮಟನ್ನಿಗೆ ಮಸಾಲೆ ಅರೆದಿಟ್ಟು ಬಂದಿದ್ದರು, ಅದಕ್ಕೇ ತಡ ಇರಬೇಕು. ದೇವರ ಸಮಾಧಾನ ಅಂದರು. ಮಾತು ಸರಿಯಾಗಿ ಹೊರಡಲಿಲ್ಲ. ಕೈ ಬಿಡಬೇಕಾದ ಹೊತ್ತಿಗೆ ಬಿಡಲೂ ಇಲ್ಲ. ನನ್ನ ಆಚೆ ಪಕ್ಕದ ಹುಡುಗ ತನಗೆ ಯಾವಾಗ ಬರುತ್ತೆ ಅಂತ ಬಗ್ಗಿ ನೋಡಿದ. ಆಗ ಬಿಟ್ಟರು.

ಆರಾಧನೆ ಮುಗಿದ ಮೇಲೆ ದೊಡ್ಡ ಮಾತೇನಾದರೂ ಬರುತ್ತದೆ ಅಂತ ಹೆದರಿದ್ದೆ. ಅವರು ಕೇಳಿದ್ದು, "ಶುಗರ್ ಟೆಸ್ಟಿಗೆ ನೀರು ಕುಡಿದು ಬರಬಹುದಾ?"

ಹೇಳುವುದು ಮರೆತೆ, ನಾನು ಲ್ಯಾಬ್ ಟೆಕ್ನಿಷಿಯನ್. ಬೆಳಗ್ಗೆ ಆರೂವರೆಗೆ ನನ್ನ ಕೆಲಸ ಶುರು. ನೀರು ಕುಡಿಯಬಹುದು, ಕಾಫಿ ಬೇಡ, ಎಂಟು ಗಂಟೆ ಏನೂ ತಿಂದಿರಬಾರದು ಅಂದೆ. ಮಾರನೇ ದಿನ ಬಂದೇಬಿಟ್ಟರು. ತೋಳು ಚಾಚಿ ಕೂತರು. ಅವರಿಗೆ ಎದುರು ನಾನು, ನನ್ನ ಕೈಯಲ್ಲಿ ಸೂಜಿ. ಪಾಪ, ಅವರ ಧೈರ್ಯವನ್ನು ಮೆಚ್ಚಬೇಕು, ಅಲ್ವಾ? ನಾನು ಯಾರಿಗೂ ನೋವಾಗಲ್ಲ ಅಂತ ಹೇಳುವುದಿಲ್ಲ. ಸುಳ್ಳು ಹೇಳಿದರೆ ಮುಂದಿನ ಸಲ ಅವರ ನರ ನನ್ನನ್ನು ಕಂಡೇ ಒಳಗೆ ಓಡಿಹೋಗುತ್ತದೆ. ಸ್ವಲ್ಪ ನೋವಾಗುತ್ತೆ ಆಂಟಿ, ಮುಷ್ಟಿ ಬಿಗಿ ಮಾಡಿ ಅಂದೆ. ಒಂದೇ ಚುಚ್ಚಿಗೆ ಸಿಕ್ಕಿತು. ಬೂದು ಮುಚ್ಚಳದ ಟ್ಯೂಬಿಗೆ ಗ್ಲೂಕೋಸ್, ನೇರಳೆ ಮುಚ್ಚಳದ್ದಕ್ಕೆ ಮೂರು ತಿಂಗಳ ಸರಾಸರಿ.

ತಿಂಡಿ ತಿಂದು ಎರಡು ಗಂಟೆಗೆ ಮತ್ತೆ ರಕ್ತ ಕೊಡಬೇಕು. ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದು ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಜನ ಕಡಿಮೆಯಾದ ಹೊತ್ತು ನೋಡಿ ನನ್ನನ್ನು ಕರೆದರು. "ಅವನು ಮಾಡಿದ್ದು ತಪ್ಪು. ನಮ್ಮ ಮನೆಯೋರು ಯಾರೂ ನಿಮ್ಮನೆಗೆ ಬಂದು ಅದನ್ನ ಹೇಳಲಿಲ್ಲ. ಅದು ಇನ್ನೂ ದೊಡ್ಡ ತಪ್ಪು. ಈಗ ಹೇಳ್ತಿದ್ದೀನಿ" ಅಂದರು. ಅಷ್ಟೇ. ಕ್ಷಮಿಸು ಅಂತ ಕೇಳಲೂ ಇಲ್ಲ. ಎರಡು ವರ್ಷಕ್ಕೂ ಜಾಸ್ತಿ ನಾನು ಕಾದಿದ್ದು ಇಷ್ಟಕ್ಕೇ ಅಂತ ಆಗಲೇ ನನಗೆ ಗೊತ್ತಾಗಿದ್ದು. ಯಾರಾದರೂ ಒಬ್ಬರು 15ನೇ ವಚನ ಮಾಡಬೇಕಿತ್ತು.

ಹಿಂದಿನ ಕೋಣೆಗೆ ಹೋಗಿ ಚೆನ್ನಾಗಿ ಅತ್ತೆ. ಕ್ಷಮೆಯ ಕಾಗದಕ್ಕೆ ಆವತ್ತು ಸಹಿ ಬಿತ್ತು.

ಆದರೆ ಇಲ್ಲಿ ಒಂದು ಮಾತು, ಆ ಹುಡುಗಿಗೆ ಮುಖ್ಯವಾಗಿ ಹೇಳಬೇಕಾದದ್ದು. ಕ್ಷಮಿಸಿದ ಮಾತ್ರಕ್ಕೆ ನಂಬಬೇಕಾಗಿಲ್ಲ. ಅವನು ಕೆಲವು ತಿಂಗಳಾದ ಮೇಲೆ ಫೋನ್ ಮಾಡಿ, ಭೇಟಿ ಆಗೋಣ, ಫ್ರೆಂಡ್ಸ್ ಆಗಿರೋಣ ಅಂದ. ಬೇಡ ಅಂದೆ. ಕ್ಷಮಿಸಿದ್ದೀನಿ ಅಂದ್ಯಲ್ಲ ಅಂದ. ಯೋಹಾನ 2ರ ಕೊನೆಯಲ್ಲಿ ಒಂದು ಸಣ್ಣ ಮಾತಿದೆ. ಯೆಹೂದ್ಯರ ಪಸ್ಕ ಹಬ್ಬದಲ್ಲಿ ತುಂಬಾ ಜನ ಯೇಸುವನ್ನು ನಂಬಿದರು, ಆದರೆ ಯೇಸು ತನ್ನನ್ನು ಅವರ ಕೈಗೆ ಕೊಟ್ಟುಕೊಳ್ಳಲಿಲ್ಲ, ಮನುಷ್ಯರ ಒಳಗು ಅವನಿಗೆ ಗೊತ್ತಿತ್ತು ಅಂತ. ಅಂಥವರಿಗಾಗಿಯೇ ಪ್ರಾಣ ಕೊಟ್ಟವನು ಅವನು. ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೂ ನೋಡಿಕೊಂಡೇ ಇದ್ದ. ಈ ವಚನದ ಮೇಲೆ ನಾನು ಇವತ್ತಿನವರೆಗೆ ಒಂದು ಪ್ರಸಂಗವನ್ನೂ ಕೇಳಿಲ್ಲ.

ಈಗ ನನ್ನ ಯಜಮಾನರ ವಿಷಯ. ಹುಬ್ಬಳ್ಳಿ ಕಡೆಯವರು, ಬಾಸೆಲ್ ಮಿಷನ್ ಮನೆತನ, ರೈಲ್ವೆಯಲ್ಲಿ ಕೆಲಸ. ಮೈಸೂರು ಡಿವಿಷನ್ನಿಗೆ ವರ್ಗವಾಗಿ ಬಂದರು. ಕ್ವಾಯರ್‌ನಲ್ಲಿ ಬೇಸ್, ಅಂದರೆ ತಗ್ಗಿನ ದನಿಯಲ್ಲಿ ಹಾಡುವವರು ಬೇಕಾಗಿತ್ತು, ಸೇರಿಕೊಂಡರು. ಡಿಸೆಂಬರಿನಲ್ಲಿ ರಾತ್ರಿ ಮನೆಮನೆಗೆ ಕ್ಯಾರಲ್ಸ್ ಹೋಗುವಾಗ ಎಲ್ಲರೂ ವ್ಯಾನಿನಲ್ಲಿ ಜೋಕ್ ಹೊಡೆಯುತ್ತಿದ್ದರೆ ಈ ಮನುಷ್ಯ ಮೂಲೆಯಲ್ಲಿ ಕೂತು ಮನೆಯವರು ಕೊಟ್ಟ ಕೇಕನ್ನು ಪೇಪರಿನಲ್ಲಿ ಸುತ್ತುತ್ತಿತ್ತು. ನಮ್ಮ ಅಜ್ಜಿಗೆ ಅಂತ ಆಮೇಲೆ ಗೊತ್ತಾಯಿತು. ಕ್ಯಾರಲ್ಸ್‌ಗೆ ಬಂದಾಗ ಅಜ್ಜಿ, ರಾಗ ಸರಿಯಿಲ್ಲ ಅಂತ ಇಡೀ ತಂಡವನ್ನು ಬೈದಿದ್ದರಂತೆ. ಅದು ಇವರಿಗೆ ಹಿಡಿಸಿತಂತೆ.

ಮಾತು ಬೆಣ್ಣೆಯಲ್ಲ, ಜೋಳದ ರೊಟ್ಟಿ. "ನಂಗ ಛಂದ ಮಾತಾಡ್ಲಿಕ್ಕ ಬರಂಗಿಲ್ಲ ನೋಡ್ರಿ. ಸುಳ್ಳು ಹೇಳಿದ್ರ ಕಿವಿ ಕೆಂಪಾಗ್ತಾವ" ಅಂದರು ಒಮ್ಮೆ. ನಾನು ಆ ಕಿವಿಗಳನ್ನು ಒಂದು ವರ್ಷ ನೋಡಿದೆ. ನಿಜವಾಗಲೂ ಕೆಂಪಾಗುತ್ತವೆ. ನಮ್ಮಮ್ಮನ ಪಲ್ಯ ಚೆನ್ನಾಗಿದೆ ಅಂದಾಗ ಆಗಿದ್ದವು.

ಆದರೂ ಹೆದರಿಕೆ ಹೋಗಿರಲಿಲ್ಲ. ಶಿಫ್ಟ್ ತಡವಾದರೆ, ಫೋನ್ ಎತ್ತದಿದ್ದರೆ ಎದೆ ಬಿಗಿಯುತ್ತಿತ್ತು. ಸ್ತ್ರೀಯರ ಕೂಟದಲ್ಲಿ ಒಬ್ಬರು 1 ಯೋಹಾನ 4:18 ಹೇಳಿದರು, ಪೂರ್ಣಪ್ರೀತಿ ಹೆದರಿಕೆಯನ್ನು ಹೊರಡಿಸುತ್ತೆ, ನಿನಗೆ ಹೆದರಿಕೆ ಇದ್ದರೆ ಪ್ರೀತಿ ಪೂರ್ತಿ ಇಲ್ಲ ಅಂತ. ಮತ್ತೆ ಅದೇ ಕತೆ, ಪಕ್ಕದ ವಚನ ನೋಡುವುದೇ ಇಲ್ಲ. 17ರಲ್ಲಿ ಇರುವುದು ನ್ಯಾಯತೀರ್ಪಿನ ದಿನದ ಮಾತು. ದೇವರ ಮುಂದೆ ನಿಲ್ಲುವ ಭಯ ಅದು. ಫೋನ್ ಎತ್ತದ ಹುಡುಗನ ಭಯ ಅಲ್ಲ. ನನಗೆ ಬೇಕಾದ ವಚನ 19. ಆತನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ. ನಾನು ಪ್ರೀತಿಯನ್ನು ನನ್ನೊಳಗಿಂದ ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ. ಅಜ್ಜಿಯ ಬೈಗುಳ, ಅಮ್ಮನ ದಿನಸಿ ಚೀಟಿ, ಬೆಳ್ಳುಳ್ಳಿ ವಾಸನೆಯ ಆ ಕೈ, ಇವೆಲ್ಲದರಲ್ಲಿ ಅದು ಮೊದಲೇ ಬಂದು ಸೇರಿತ್ತು. ಬಂದದ್ದನ್ನು ಮುಂದಿನವರಿಗೆ ದಾಟಿಸುವುದಷ್ಟೇ ಉಳಿದಿತ್ತು.

ಹೆದರಿಕೆಯನ್ನು ಬಚ್ಚಿಡದೆ ಅವರಿಗೆ ಹೇಳಿದೆ. ಪ್ರಾಮಿಸ್ ಬೇಡ, ಹೇಳಿದ ಹೊತ್ತಿಗೆ ಬನ್ನಿ, ಬರಲಾಗದಿದ್ದರೆ ತಿಳಿಸಿ ಅಂದೆ. ಅವರು ಸ್ವಲ್ಪ ಯೋಚನೆ ಮಾಡಿದರು. "ನಿನಗ ನೋವು ಕೊಡಂಗಿಲ್ಲ ಅಂತ ಹೇಳಂಗಿಲ್ಲ. ಯಾವಾಗರೆ ಕೊಟ್ಟೇ ಕೊಡ್ತೇನಿ. ಆದ್ರ ಮುಚ್ಚಿಟ್ಟು ಕೊಡಂಗಿಲ್ಲ" ಅಂದರು. ಕಿವಿ ನೋಡಿದೆ. ಕಪ್ಪಗೇ ಇದ್ದವು. ಮದುವೆಗೆ ಹೂಂ ಅಂದದ್ದು ಆವತ್ತೇ. ಮದುವೆಯ ವಿವರ ಬಿಡಿ, ಬಿರಿಯಾನಿ ಚೆನ್ನಾಗಿತ್ತು.

ಈ ವರ್ಷದ ಮೊದಲನೇ ಭಾನುವಾರ ನಮ್ಮಲ್ಲಿ ಒಡಂಬಡಿಕೆಯ ಆರಾಧನೆ ಇತ್ತು. ಇದೂ ವೆಸ್ಲಿಯದೇ, 1755ರಲ್ಲಿ ಶುರು ಮಾಡಿದ್ದು. ಹೊಸ ವರ್ಷಕ್ಕೆ ಎಲ್ಲರೂ ಒಟ್ಟಿಗೆ ಎದ್ದುನಿಂತು ಒಂದು ದೊಡ್ಡ ಪ್ರಾರ್ಥನೆ ಹೇಳಬೇಕು. ನಾನು ಇನ್ನು ನನ್ನವಳಲ್ಲ, ನಿನ್ನವಳು, ನನ್ನನ್ನು ಕೆಲಸಕ್ಕೆ ಹಚ್ಚು, ಕಷ್ಟಕ್ಕೆ ಹಚ್ಚು, ತುಂಬಿಸು, ಬರಿದು ಮಾಡು, ಈ ಅರ್ಥದಲ್ಲಿ ಸಾಗುತ್ತದೆ. ಯಜಮಾನರಿಗೆ ಇದು ಹೊಸದು, ಅವರ ಕಡೆ ಈ ಪದ್ಧತಿ ನೋಡಿಲ್ಲವಂತೆ. ಮನೆಗೆ ಬರುವಾಗ ಸ್ಕೂಟರಿನಲ್ಲಿ ಕೇಳಿದರು. "ಇದನ್ನ ಪ್ರತಿ ವರ್ಷ ಹಿಂಗ ಹೇಳ್ತೀರೇನು? ಕಷ್ಟಕ್ಕ ಹಚ್ಚು ಅಂತ?"

"ಎಲ್ಲರೂ ಹೇಳ್ತಾರೆ. ಮದುವೆ ಮುರಿದ ವರ್ಷದಿಂದ ನಾನು ಮಾತ್ರ ಆ ಸಾಲಿಗೆ ಬಂದಾಗ ಬಾಯಿ ಮುಚ್ಕೋತೀನಿ" ಅಂದೆ.

"ಈ ಸಲಾನೂ?"

"ಈ ಸಲಾನೂ."

ಸಿಗ್ನಲ್ ಬಂತು, ಸ್ಕೂಟರ್ ನಿಲ್ಲಿಸಿದರು. "ನಾ ಬರಿದು ಮಾಡು ಅನ್ನೋದನ್ನೂ ಬಿಟ್ಟೆ" ಅಂದರು.